ಮೋಟಾರು ಗಾಡಿಯಲ್ಲಿ ಚಾರ್ಜು ನಿಂತಾಗ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ ಬಿಡದಿಯ ಹೆಸರು ಬಹುಕಾಲದಿಂದ ತಟ್ಟೆ ಇಡ್ಲಿಗೆ ಪ್ರಸಿದ್ಧವಾದುದು. ಆ ಕೀರ್ತಿ ಇಂದಿಗೂ ಕುಂದಿಲ್ಲ. ಅದರ ಪಕ್ಕದಲ್ಲಿ ಇನ್ನೊಂದು ಕೀರ್ತಿ ಬೆಳೆದು ನಿಂತಿದೆ. 1997ರಲ್ಲಿ ಸ್ಥಾಪಿತವಾದ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯು ಅಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕಾರ್ಖಾನೆಯನ್ನು ಕಟ್ಟಿ, 1999ರ ಕೊನೆಯಲ್ಲಿ ಗಾಡಿಗಳನ್ನು ತಯಾರಿಸತೊಡಗಿತು. ಅಲ್ಲಿಂದ ಮೊದಲು ಹೊರಬಂದುದು ಕ್ವಾಲಿಸ್ ಎಂಬ ದೊಡ್ಡ ಕುಟುಂಬದ ಗಾಡಿ. 2005ರಲ್ಲಿ ಇನ್ನೋವಾ ಅದರ ಸ್ಥಾನಕ್ಕೆ ಬಂದಿತು. ಕ್ವಾಲಿಸ್‌ನ ತಯಾರಿಕೆ ನಿಂತು ಎರಡು ದಶಕಗಳು ಸಂದುವು. ಆದರೂ ನಮ್ಮ ರಸ್ತೆಗಳಲ್ಲಿ ಅದು ಇನ್ನೂ ಕಾಣಸಿಗುತ್ತದೆ. ಇಷ್ಟು ವಯಸ್ಸಾದ ಗಾಡಿಯಲ್ಲಿ, ಅದು ಯಾವ ಕಾರ್ಖಾನೆಯದೇ ಆಗಿರಲಿ, ಒಂದು ದೂರು ಮತ್ತೆ ಮತ್ತೆ ಬರುವುದುಂಟು: "ಬೆಳಗ್ಗೆ ಸೆಲ್ಫ್ ಎತ್ತುವುದಿಲ್ಲ, ಚಾರ್ಜು ನಿಲ್ಲುವುದಿಲ್ಲ." ಈ ದೂರಿನ ಮೂಲವನ್ನು ಹುಡುಕುವ ಕ್ರಮವೇನೆಂಬುದೇ ಇಂದಿನ ವಿಷಯ.

ಸಾಮಾನ್ಯವಾಗಿ ನಡೆಯುವುದೇನು? ಸೆಲ್ಫ್ ಎತ್ತದಿದ್ದರೆ ತಪ್ಪೆಲ್ಲವೂ ಬ್ಯಾಟರಿಯದೆಂದು ತೀರ್ಮಾನಿಸಿ, ಸಾವಿರಾರು ರೂಪಾಯಿ ಕೊಟ್ಟು ಹೊಸದನ್ನು ಹಾಕಿಸುತ್ತೇವೆ. ಹದಿನೈದು ದಿನಗಳ ಮೇಲೆ ಹೊಸ ಬ್ಯಾಟರಿಯೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಬಾಡಿಗೆಗೆ ಗಾಡಿ ಓಡಿಸಿ ಸಂಸಾರ ಸಾಗಿಸುವವನಿಗೆ ಇದು ಸಣ್ಣ ನಷ್ಟವಲ್ಲ.

ಬ್ಯಾಟರಿಯೆಂಬುದು ಒಂದು ಕೆರೆ. ಕೆರೆಯು ತಾನೇ ನೀರನ್ನು ಹುಟ್ಟಿಸುವುದಿಲ್ಲ. ಬಂದುದನ್ನು ಕೂಡಿಡುತ್ತದೆ, ಬೇಕಾದಾಗ ಬಿಡುತ್ತದೆ. ಬಿಡದಿಯ ಬಳಿಯ ಬೈರಮಂಗಲದ ಕೆರೆಗೆ ವೃಷಭಾವತಿಯು ನೀರನ್ನು ತರುವಂತೆ, ಬ್ಯಾಟರಿಗೆ ವಿದ್ಯುತ್ತನ್ನು ತರುವುದು ಆಲ್ಟರ್ನೇಟರ್. ಕೆರೆ ಬತ್ತಿತೆಂದರೆ ನಾಲ್ಕು ಕಾರಣಗಳಿರಬಹುದು: ಹೊಳೆಯಲ್ಲಿ ನೀರಿಲ್ಲ, ಕಾಲುವೆ ಕಟ್ಟಿಕೊಂಡಿದೆ, ಕೆರೆಯಲ್ಲಿ ಹೂಳು ತುಂಬಿದೆ, ಇಲ್ಲವೇ ತೂಬು ಸೋರುತ್ತಿದೆ. ಇವುಗಳಲ್ಲಿ ಯಾವುದೆಂದು ತಿಳಿಯದೆ ಕೆರೆಯನ್ನೇ ಹೊಸದಾಗಿ ತೋಡಿಸುವುದು ಜಾಣತನವಲ್ಲವಷ್ಟೆ.

ಮೆಕ್ಯಾನಿಕರು ಇಂದಿಗೂ ಆಲ್ಟರ್ನೇಟರನ್ನು ಡೈನಮೊ ಎಂದೇ ಕರೆಯುವರು. ವಾಸ್ತವವಾಗಿ ಎರಡೂ ಬೇರೆ. ನಮ್ಮ ಹಿರಿಯರ ಕಾಲದ ಮೋಟಾರುಗಳಲ್ಲಿದ್ದುದು ಡೈನಮೊ. ಎಂಜಿನು ನಿಧಾನವಾಗಿ ತಿರುಗುವಾಗ ಅದರಿಂದ ಬರುತ್ತಿದ್ದ ವಿದ್ಯುತ್ತು ಅತ್ಯಲ್ಪ. ಆಲ್ಟರ್ನೇಟರಿನಲ್ಲಿ ತಿರುಗುವುದು ವಿದ್ಯುದಯಸ್ಕಾಂತ. ಸುತ್ತಲಿನ ಸ್ಥಿರವಾದ ಸುರುಳಿಗಳಲ್ಲಿ ದಿಕ್ಕು ಬದಲಿಸುವ ವಿದ್ಯುತ್ತು ಹುಟ್ಟುತ್ತದೆ. ಅದನ್ನು ಒಂದೇ ದಿಕ್ಕಿಗೆ ತಿದ್ದಿ ಕಳುಹಿಸುವುವು ಡಯೋಡುಗಳು. ಅಯಸ್ಕಾಂತದ ಬಲವನ್ನು ಹೆಚ್ಚು ಕಡಮೆ ಮಾಡಿ ಒತ್ತಡವನ್ನು ಹದದಲ್ಲಿಡುವುದು ರೆಗ್ಯುಲೇಟರು. 1960ರ ದಶಕದಿಂದೀಚೆಗೆ ಲೋಕದ ಕಾರುಗಳಲ್ಲೆಲ್ಲ ಇದೇ ಹಬ್ಬಿತು.

ಇನ್ನು ಪರೀಕ್ಷೆಯ ಕ್ರಮ. ಮೊದಲನೆಯದು ಕಣ್ಣಿನ ಕೆಲಸ. ಕೀಲಿ ತಿರುಗಿಸಿ, ಎಂಜಿನು ಹೊರಡಿಸುವ ಮುನ್ನ, ಬ್ಯಾಟರಿಯ ಚಿತ್ರವಿರುವ ಕೆಂಪು ದೀಪ ಹೊತ್ತಬೇಕು. ಎಂಜಿನು ಹೊರಟೊಡನೆ ಆರಬೇಕು. ಹೊರಟ ಮೇಲೂ ಉರಿಯುತ್ತಿದ್ದರೆ ಚಾರ್ಜಿಲ್ಲವೆಂಬುದು ಎಲ್ಲರಿಗೂ ಗೊತ್ತು. ಆದರೆ ಮೊದಲು ಹೊತ್ತಲೇ ಇಲ್ಲದ ದೀಪವನ್ನು ಯಾರೂ ಲೆಕ್ಕಿಸುವುದಿಲ್ಲ. ಕಾವಲುಗಾರ ಕೂಗಲಿಲ್ಲವೆಂದ ಮಾತ್ರಕ್ಕೆ ಕಳ್ಳ ಬಂದಿಲ್ಲವೆಂದಲ್ಲ, ಕಾವಲುಗಾರನೇ ನಿದ್ರಿಸುತ್ತಿರಬಹುದು. ಹಲವು ಹಳೆಯ ಮಾದರಿಗಳಲ್ಲಿ ಈ ದೀಪದ ಮೂಲಕ ಹರಿಯುವ ಅಲ್ಪ ವಿದ್ಯುತ್ತೇ ಅಯಸ್ಕಾಂತಕ್ಕೆ ಮೊದಲ ಚೇತನವನ್ನು ಕೊಡುತ್ತದೆ. ಅಂಥಲ್ಲಿ ಕೆಲವೇ ರೂಪಾಯಿಯ ಬಲ್ಬು ಸುಟ್ಟರೆ ಚಾರ್ಜೂ ನಿಲ್ಲಬಹುದು, ಎಚ್ಚರಿಕೆಯೂ ನಿಲ್ಲುವುದು. ದೀಪ ಹೊತ್ತದಿದ್ದರೆ ಬಲ್ಬು, ಫ್ಯೂಸು, ತಂತಿಗಳನ್ನು ಮೊದಲು ನೋಡತಕ್ಕದ್ದು.

ಎರಡನೆಯದು ಕೈಯ ಕೆಲಸ. ಎಂಜಿನನ್ನು ನಿಲ್ಲಿಸಿ, ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಬೇಕು. ಸಾಮಾನ್ಯವಾಗಿ ಒಂದು ಸೆಂಟಿಮೀಟರಿನಷ್ಟು ತಗ್ಗಿದರೆ ಸರಿ, ಜೋಲಾಡಿದರೆ ಸಡಿಲ. ಬೆಲ್ಟು ಬಿರುಕುಬಿಟ್ಟಿದೆಯೇ, ಎಣ್ಣೆ ಬಿದ್ದು ಜಾರುತ್ತಿದೆಯೇ ಎಂಬುದನ್ನೂ ನೋಡಿರಿ. ಬ್ಯಾಟರಿಯ ಟರ್ಮಿನಲ್‌ಗಳಲ್ಲಿ ಬೆಳ್ಳಗೆ ಅಥವಾ ಹಸುರಾಗಿ ಕಿಲುಬು ಕಟ್ಟಿದ್ದರೆ ಬಿಚ್ಚಿ, ಉಜ್ಜಿ, ಬಿಗಿಮಾಡಬೇಕು. ಎಂಜಿನು ತಿರುಗುತ್ತಿರುವಾಗ ಇಣಿಕಿ ನೋಡುವವರು ಪಂಚೆಯ ಅಂಚನ್ನೂ ಸೀರೆಯ ಸೆರಗನ್ನೂ ಬೆಲ್ಟಿನಿಂದ ದೂರವಿಡುವುದು ಅತ್ಯವಶ್ಯ.

ಮೂರನೆಯದು ಅಳತೆಯ ಕೆಲಸ. ಕೆಲವು ನೂರು ರೂಪಾಯಿಗೆ ದೊರೆಯುವ ಮಲ್ಟಿಮೀಟರು ಇದಕ್ಕೆ ಸಾಕು. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಬ್ಯಾಟರಿಯು ಸುಮಾರು 12.6 ವೋಲ್ಟನ್ನು ತೋರಿಸಿದರೆ ತುಂಬಿದೆಯೆಂದರ್ಥ. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಎಂಜಿನು ಹೊರಟ ಮೇಲೆ 13.8ರಿಂದ 14.5ರವರೆಗೆ ಏರಬೇಕು. ಏರದೆ 12ರ ಆಸುಪಾಸಿನಲ್ಲಿಯೇ ನಿಂತು ಇಳಿಯುತ್ತಿದ್ದರೆ ಆದಾಯವಿಲ್ಲ, ವೆಚ್ಚ ಮಾತ್ರ ನಡೆದಿದೆ. 15ನ್ನು ದಾಟಿದರೆ ರೆಗ್ಯುಲೇಟರು ಹದ ತಪ್ಪಿದೆ. ಬ್ಯಾಟರಿಯ ನೀರು ಕುದಿದು ಆರಿಹೋಗುವುದು. 14ರ ಮೇಲೆ ನಿಂತು, ದೀಪಗಳನ್ನು ಹಾಕಿದರೂ ಹೆಚ್ಚು ಇಳಿಯದಿದ್ದರೆ ಆಲ್ಟರ್ನೇಟರು ನಿರ್ದೋಷಿ. ಆಗ ಬ್ಯಾಟರಿಯನ್ನು ಪರೀಕ್ಷಿಸುವುದು ನ್ಯಾಯ.

ಆದಾಯವಿಲ್ಲವೆಂದು ಕಂಡೊಡನೆ ಆಲ್ಟರ್ನೇಟರನ್ನು ಬಿಚ್ಚಬೇಕಿಲ್ಲ; ಕಾಲುವೆಯನ್ನು ನೋಡುವುದು ಬಾಕಿಯುಂಟು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿಲೋಮೀಟರ್ ದೂರ ವಿದ್ಯುತ್ತನ್ನು ಸಾಗಿಸಿದ ನಾಡು ನಮ್ಮದು. ಅಷ್ಟು ದೂರ ಸಾಗಬಲ್ಲ ಶಕ್ತಿ, ಗಾಡಿಯೊಳಗಿನ ಒಂದೆರಡು ಮೊಳದ ತಂತಿಯಲ್ಲಿ ಕಳೆದುಹೋಗುವುದೆಂದರೆ ಆಶ್ಚರ್ಯವೆನಿಸೀತು. ಆದರೆ ಲೆಕ್ಕ ಸರಳವಾಗಿದೆ. ತುಕ್ಕು ಹಿಡಿದ ಕೀಲಿನಲ್ಲಿ ಒಂದು ಓಮಿನ ಇಪ್ಪತ್ತನೆಯ ಒಂದು ಪಾಲು ತಡೆಯಿದ್ದು, 30 ಆಂಪಿಯರ್ ಹರಿದರೆ, ಒಂದೂವರೆ ವೋಲ್ಟು ಅಲ್ಲಿಯೇ ನಷ್ಟ. ಆಲ್ಟರ್ನೇಟರು 14.2 ಕಳುಹಿಸಿದರೂ ಬ್ಯಾಟರಿಗೆ ಮುಟ್ಟುವುದು 12.7. ಇಷ್ಟರಿಂದ ಬ್ಯಾಟರಿ ತುಂಬದು. ಆದುದರಿಂದ ಒತ್ತಡವನ್ನು ಎರಡೂ ಕಡೆ, ಆಲ್ಟರ್ನೇಟರಿನ ಬೆನ್ನಿನ ದಪ್ಪ ತಂತಿಯಲ್ಲೂ ಬ್ಯಾಟರಿಯಲ್ಲೂ ಅಳೆಯಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ತಪ್ಪು ನಡುವಿನ ತಂತಿಯದು, ಇಲ್ಲವೇ ಎಂಜಿನಿಗೂ ಚಾಸಿಗೂ ಬ್ಯಾಟರಿಗೂ ಇರುವ ಅರ್ತ್ ತಂತಿಯದು.

ಇವೆಲ್ಲ ಸರಿಯಿದ್ದರೆ ಆಗ ಮಾತ್ರ ಆಲ್ಟರ್ನೇಟರನ್ನು ಬಿಚ್ಚಿಸಬೇಕು. ಒಳಗೆ ಸವೆದ ಕಾರ್ಬನ್ ಬ್ರಷ್ಷುಗಳೋ, ಕೆಟ್ಟ ರೆಗ್ಯುಲೇಟರೋ, ಸುಟ್ಟ ಡಯೋಡೋ ಇರಬಹುದು. ಇವುಗಳನ್ನು ಬಿಡಿಯಾಗಿ ಬದಲಾಯಿಸಬಹುದಾದ ಸಂದರ್ಭಗಳೇ ಹೆಚ್ಚು. ಕೆಟ್ಟ ಡಯೋಡಿನ ಮೂಲಕ ಗಾಡಿ ನಿಂತಿರುವಾಗಲೂ ಬ್ಯಾಟರಿ ಸೋರಿಹೋಗುವುದುಂಟು. ಆಗ ಹಗಲಿನ ಚಾರ್ಜೂ ಸಾಲದು, ರಾತ್ರಿಯ ಸೋರಿಕೆಯೂ ತಪ್ಪದು. ಬೇರೆ ಸೋರಿಕೆಗಳೂ ಉಂಟು: ಆರದೆ ಉಳಿದ ಡಿಕ್ಕಿಯ ದೀಪ, ಅಂಗಡಿಯಲ್ಲಿ ಹಾಕಿಸಿದ ರೇಡಿಯೊ. ಎಲ್ಲವನ್ನೂ ಆರಿಸಿ ಅಳೆದಾಗ ಹರಿವು ಸಾಧಾರಣವಾಗಿ 50 ಮಿಲಿಆಂಪಿಯರನ್ನು ಮೀರಬಾರದು.

ಇಲ್ಲಿ ಎರಡು ಎಚ್ಚರಿಕೆಗಳನ್ನು ಹೇಳಲೇಬೇಕು. ಡೈನಮೊ ಕಾಲದ ಒಂದು ಪರೀಕ್ಷೆ ಇನ್ನೂ ಬಳಕೆಯಲ್ಲಿದೆ: ಎಂಜಿನು ಓಡುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಿತ್ತು, ಎಂಜಿನು ನಿಲ್ಲದಿದ್ದರೆ ಚಾರ್ಜು ಇದೆಯೆನ್ನುವುದು. ಆಲ್ಟರ್ನೇಟರಿರುವ ಗಾಡಿಯಲ್ಲಿ ಇದನ್ನು ಮಾಡಿದರೆ ಒತ್ತಡವು ಒಮ್ಮೆಗೇ ನೆಗೆದು ಡಯೋಡುಗಳೂ ಇತರ ಸೂಕ್ಷ್ಮ ಭಾಗಗಳೂ ಸುಟ್ಟುಹೋಗಬಹುದು. ಮೇಲಾಗಿ, ಡೀಸೆಲ್ ಎಂಜಿನಿಗೆ ಕಿಡಿ ಬೇಕಿಲ್ಲದ ಕಾರಣ, ಅದು ನಿಲ್ಲದೆ ಓಡಿದ ಮಾತ್ರಕ್ಕೆ ಏನೂ ಸಿದ್ಧವಾಗದು. ಚಾರ್ಜಿಲ್ಲದ ಡೀಸೆಲ್ ಗಾಡಿ ಹಗಲೆಲ್ಲ ಓಡಿ, ಕತ್ತಲಾಗಿ ದೀಪ ಹಾಕಿದ ಮೇಲೆ ಗುಟ್ಟನ್ನು ಬಿಟ್ಟುಕೊಡುತ್ತದೆ.

ಎರಡನೆಯದು ಇನ್ನೂ ಮುಖ್ಯ. ಆ ಕಾಲದ ಹಲವು ಡೀಸೆಲ್ ಗಾಡಿಗಳಲ್ಲಿ, ಬ್ರೇಕಿಗೆ ನೆರವಾಗುವ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿನಲ್ಲಿಯೇ ಕುಳಿತು ಅದರೊಡನೆ ತಿರುಗುತ್ತದೆ. ಬೆಲ್ಟು ಹರಿದರೆ ಕೆಂಪು ದೀಪ ಹೊತ್ತುವುದಷ್ಟೇ ಅಲ್ಲ. ಸ್ವಲ್ಪ ಹೊತ್ತಿನಲ್ಲಿ ಬ್ರೇಕಿನ ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಎಷ್ಟೋ ಗಾಡಿಗಳಲ್ಲಿ ಎಂಜಿನನ್ನು ತಣಿಸುವ ನೀರಿನ ಪಂಪಿಗೂ ಅದೇ ಬೆಲ್ಟು. ಓಡುವಾಗ ಆ ದೀಪ ಹೊತ್ತಿದರೆ, "ಊರು ಮುಟ್ಟುವವರೆಗೆ ಹೇಗೋ ನಡೆಯಲಿ" ಎನ್ನದೆ, ಬದಿಗೆ ನಿಲ್ಲಿಸಿ ಬೆಲ್ಟನ್ನು ನೋಡತಕ್ಕದ್ದು. ಈ ಪಂಪಿನ ಸೀಲು ಸವೆದು ಎಣ್ಣೆ ಒಳಕ್ಕೆ ಜಿನುಗಿದರೆ ಬ್ರಷ್ಷುಗಳು ಕೆಡುವುವು. ಆಲ್ಟರ್ನೇಟರು ಪದೇ ಪದೇ ಕೆಡುತ್ತಿದ್ದರೆ ಸೀಲನ್ನು ಪರೀಕ್ಷಿಸಿರೆಂದು ರಿಪೇರಿಯವರಿಗೆ ಹೇಳಿರಿ.

ಹೀಗೆ ದೀಪ, ಬೆಲ್ಟು, ಟರ್ಮಿನಲ್, ಅಳತೆ, ತಂತಿ, ಕಟ್ಟಕಡೆಗೆ ಯಂತ್ರದ ಒಳಭಾಗ: ಇದೇ ಕ್ರಮ. ಸುಲಭವಾದುದು ಮೊದಲು, ದುಬಾರಿಯಾದುದು ಕೊನೆಗೆ. ರಿಪೇರಿಯನ್ನು ನಾವೇ ಮಾಡಬೇಕೆಂದೇನೂ ಇಲ್ಲ. ಆದರೆ "ಎಂಜಿನು ಓಡುವಾಗ ಬ್ಯಾಟರಿಯಲ್ಲಿ ಎಷ್ಟು ವೋಲ್ಟು ಬಂದಿತು?" ಎಂದು ಕೇಳುವಷ್ಟು ತಿಳಿವಳಿಕೆ ಗಾಡಿಯ ಯಜಮಾನನಿಗಿದ್ದರೆ, ಒಳ್ಳೆಯ ಕೆಲಸಗಾರನು ಸಂತೋಷದಿಂದ ಉತ್ತರ ಹೇಳುವನು. ಅಳೆಯದೆಯೇ ಬ್ಯಾಟರಿ ಬದಲಾಯಿಸಲು ಹೊರಟವನ ಮುಂದೆ ಕೈಚೀಲವನ್ನು ಬಿಚ್ಚುವ ಅಗತ್ಯವಿಲ್ಲ.