ಸೆರೆಸಿಕ್ಕ ಹಡಗು, ಮಾಯವಾದ ಸರಕು: ನಂಬಿಕೆ ಏನು, ನಡೆದದ್ದೇನು?

ಕಡೂರು, ತರೀಕೆರೆ, ಅಜ್ಜಂಪುರದವರು ಸಮುದ್ರ ನೋಡಬೇಕಾದರೆ ಘಟ್ಟ ಇಳಿಯಬೇಕು. ಅದಕ್ಕೇ ಇರಬೇಕು, ಹಡಗು ಹಿಡಿದು ಸರಕು ದೋಚಿದ ಕಥೆಗಳೆಲ್ಲ ಪರದೇಶದವೆಂದು ನಮ್ಮಲ್ಲಿ ಹಲವರು ತಿಳಿದಿದ್ದಾರೆ. ಆದರೆ 16ರಿಂದ 18ನೇ ಶತಮಾನದವರೆಗಿನ ಆ ಕಥೆಯಲ್ಲಿ ಹೊನ್ನಾವರ, ಮಂಗಳೂರು, ಬಿದನೂರುಗಳಿವೆ. ನಮ್ಮ ಕಾವಲಿನ ದನಗಳೂ ಇವೆ.

ತಪ್ಪು ಕಲ್ಪನೆ: ಹಡಗು ಹಿಡಿಯುತ್ತಿದ್ದವರೆಲ್ಲ ಕಡಲ್ಗಳ್ಳರು.

ಸತ್ಯ: ಅನೇಕ ಹಡಗುಗಳನ್ನು ಹಿಡಿದದ್ದು ರಾಜಾಜ್ಞೆ ಪಡೆದ ನೌಕಾಪಡೆಗಳೇ. 16ನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸರು 'ಕಾರ್ತಾಜ್' ಎಂಬ ರಹದಾರಿ ಪತ್ರವನ್ನು ಜಾರಿಗೆ ತಂದರು. ಹಡಗಿನ ಹೆಸರು, ನಾಖುದ (ಹಡಗಿನ ಮುಖ್ಯಸ್ಥ) ಯಾರು, ಎಷ್ಟು ಆಯುಧವಿದೆ, ಯಾವ ಬಂದರಿಗೆ ಪಯಣ ಎಂಬುದೆಲ್ಲ ಅದರಲ್ಲಿರಬೇಕಿತ್ತು. ಪತ್ರವಿಲ್ಲದಿದ್ದರೆ, ಅಥವಾ ಅನುಮತಿಯಿಲ್ಲದೆ ಕಾಳುಮೆಣಸು ಸಾಗಿಸಿದರೆ, ಹಡಗೂ ಸರಕೂ ಜಪ್ತಿ. ತಲೆಮಾರುಗಳಿಂದ ಯಾರ ಅಪ್ಪಣೆಯೂ ಇಲ್ಲದೆ ವ್ಯಾಪಾರ ಮಾಡಿಕೊಂಡಿದ್ದವರ ಮೇಲೆ ಹೇರಿದ ಕಾನೂನು ಇದು. ದರೋಡೆಗೇ ಮೊಹರು ಒತ್ತಿದಂತಾಯಿತು.

ತಪ್ಪು ಕಲ್ಪನೆ: ಹಿಡಿದ ಹಡಗಿನ ಸರಕು ಹಿಡಿದವನದೇ.

ಸತ್ಯ: ಹಾಗಿರಲಿಲ್ಲ. ಯುರೋಪಿನ ಪದ್ಧತಿಯಲ್ಲಿ ನೌಕಾ ನ್ಯಾಯಾಲಯ ತೀರ್ಪು ಕೊಡುವವರೆಗೆ ಸರಕನ್ನು ಮುಟ್ಟಬಾರದು, ಆಮೇಲೆ ರಾಜನಿಂದ ನಾವಿಕನವರೆಗೆ ಪಾಲು ಹಂಚಬೇಕು. ಕಳವು ನಡೆಯುತ್ತಿದ್ದುದು ಹಿಡಿಯುವುದಕ್ಕೂ ಲೆಕ್ಕ ಬರೆಯುವುದಕ್ಕೂ ನಡುವೆ. 1592ರಲ್ಲಿ ಭಾರತದಿಂದ ಮರಳುತ್ತಿದ್ದ 'ಮಾದ್ರೆ ದೆ ದೇವುಸ್' ಎಂಬ ಪೋರ್ಚುಗೀಸ್ ಹಡಗನ್ನು ಇಂಗ್ಲಿಷರು ಹಿಡಿದರು. ಅದರ ತುಂಬ ಮೆಣಸು, ಲವಂಗ, ಮುತ್ತು, ರೇಷ್ಮೆ. ಡಾರ್ಟ್‌ಮತ್ ಬಂದರು ಮುಟ್ಟುವಷ್ಟರಲ್ಲೇ ನಾವಿಕರು ಕೈಗೆ ಸಿಕ್ಕಿದ್ದನ್ನು ಬಾಚಿಕೊಂಡಿದ್ದರು. ಸುಮಾರು 5 ಲಕ್ಷ ಪೌಂಡ್ ಬೆಲೆಯೆಂದು ಅಂದಾಜಿಸಿದ್ದ ಸರಕಿನಲ್ಲಿ ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು 1.4 ಲಕ್ಷದ್ದು ಮಾತ್ರ. ಕಳುವಾದದ್ದನ್ನು ಪತ್ತೆಹಚ್ಚಲು ರಾಣಿ ಎಲಿಜಬೆತ್‌ಳ ಆಪ್ತ ಸಲಹೆಗಾರ ರಾಬರ್ಟ್ ಸೆಸಿಲ್‌ನೇ ಲಂಡನ್ನಿನಿಂದ ಹೊರಡಬೇಕಾಯಿತು.

ತಪ್ಪು ಕಲ್ಪನೆ: ಮೈಸೂರಿಗೆ ನೌಕಾಬಲವೇ ಇರಲಿಲ್ಲ.

ಸತ್ಯ: 1763ರಲ್ಲಿ ಬಿದನೂರು ಗೆದ್ದ ಹೈದರಾಲಿ ಮಂಗಳೂರಿನಲ್ಲಿ ಯುದ್ಧನೌಕೆಗಳನ್ನು ಕಟ್ಟಿಸಿದ. 1768ರಲ್ಲಿ ಮುಂಬಯಿಯ ಇಂಗ್ಲಿಷರು ಮಂಗಳೂರಿನ ಜೊತೆಗೆ ಅವನ ಹಡಗುಗಳನ್ನೂ ವಶಪಡಿಸಿಕೊಂಡರು. ಕೆಲವೇ ತಿಂಗಳಲ್ಲಿ ಅವನು ಊರನ್ನು ಮರಳಿ ಪಡೆದ, ಮತ್ತೆ ನೌಕಾಪಡೆ ಕಟ್ಟಿದ. 1780ರ ಡಿಸೆಂಬರ್‌ನಲ್ಲಿ ಇಂಗ್ಲಿಷರ ಅಡ್ಮಿರಲ್ ಹ್ಯೂಸ್ ಮಂಗಳೂರಿನಲ್ಲೇ ಅದನ್ನೂ ನಾಶಮಾಡಿದ.

ತಪ್ಪು ಕಲ್ಪನೆ: ಬಿದನೂರಿನ ಖಜಾನೆ ಕಂಪನಿ ಸರ್ಕಾರಕ್ಕೆ ಸೇರಿತು.

ಸತ್ಯ: 1783ರ ಆರಂಭದಲ್ಲಿ ಸಮುದ್ರದ ಕಡೆಯಿಂದ ಬಂದ ಇಂಗ್ಲಿಷ್ ಜನರಲ್ ರಿಚರ್ಡ್ ಮ್ಯಾಥ್ಯೂಸ್ ಹೊನ್ನಾವರ ಹಿಡಿದು, ಘಟ್ಟ ಹತ್ತಿ ಬಿದನೂರು ವಶಪಡಿಸಿಕೊಂಡ. ಖಜಾನೆಯ ಪಾಲಿಗಾಗಿ ಅವನ ಸೈನ್ಯದೊಳಗೇ ಜಗಳ ಹುಟ್ಟಿತು. ಮ್ಯಾಕ್ಲಿಯೋಡ್, ಹಂಬರ್‌ಸ್ಟನ್, ಶಾ ಎಂಬ ಅಧಿಕಾರಿಗಳು ಮುಂಬಯಿಗೆ ಹೋಗಿ ದೂರು ಕೊಟ್ಟರು. ಅಲ್ಲಿನ ಸರ್ಕಾರ ಮ್ಯಾಥ್ಯೂಸ್‌ನನ್ನು ತೆಗೆದು ಮ್ಯಾಕ್ಲಿಯೋಡ್‌ನನ್ನು ನೇಮಿಸಿತು. ಆ ಮೂವರು ಅಧಿಕಾರಿಗಳು ಮರಳುತ್ತಿದ್ದ 'ರೇಂಜರ್' ಹಡಗನ್ನು ಏಪ್ರಿಲ್‌ನಲ್ಲಿ ಮರಾಠಾ ನೌಕಾಪಡೆ ಸೆರೆಹಿಡಿದು ವಿಜಯದುರ್ಗಕ್ಕೆ ಒಯ್ದಿತು. ಮರಾಠರಿಗೂ ಇಂಗ್ಲಿಷರಿಗೂ ಸಾಲ್ಬಾಯಿ ಶಾಂತಿ ಒಪ್ಪಂದ ಆಗಲೇ ಆಗಿತ್ತು! ಶಾ ಕಾದಾಟದಲ್ಲಿ ಸತ್ತ, ಹಂಬರ್‌ಸ್ಟನ್ ಗಾಯಗಳಿಂದ ತೀರಿಕೊಂಡ. ಅದೇ ತಿಂಗಳ ಕೊನೆಗೆ ಟಿಪ್ಪು ಬಿದನೂರನ್ನು ಮರಳಿ ಗೆದ್ದಾಗ ಖಜಾನೆ ಬರಿದಾಗಿತ್ತು. ಶರಣಾದವರನ್ನು ಶೋಧಿಸಿದರೆ ಬಚ್ಚಿಟ್ಟ ವರಹಗಳು ಸಿಕ್ಕವು. ಮ್ಯಾಥ್ಯೂಸ್ ಸತ್ತದ್ದು ಶ್ರೀರಂಗಪಟ್ಟಣದ ಸೆರೆಯಲ್ಲಿ.

ತಪ್ಪು ಕಲ್ಪನೆ: ಇದಕ್ಕೂ ನಮ್ಮ ಬಯಲಿಗೂ ಸಂಬಂಧವಿಲ್ಲ.

ಸತ್ಯ: ಆ ಮರುಗೆಲುವಿಗಾಗಿ ಟಿಪ್ಪುವಿನ ಸೈನ್ಯ ಪೂರ್ವದ ಸೀಮೆಯಿಂದ ಬಿದನೂರಿನವರೆಗೆ ಒಂದೇ ತಿಂಗಳಲ್ಲಿ ದಾಟಿ ಬಂತು. ತೋಪು, ಸಾಮಾನು ಎಳೆದದ್ದು ಅಮೃತ ಮಹಲ್ ಎತ್ತುಗಳು. ಮೈಸೂರು ಗೆಜೆಟಿಯರ್ ಆ ವೇಗದ ಶ್ರೇಯಸ್ಸನ್ನು ಈ ಎತ್ತುಗಳಿಗೇ ಕೊಟ್ಟಿದೆ. ಅರಸರ 'ಬೆಣ್ಣೆ ಚಾವಡಿ'ಯಾಗಿ ಶುರುವಾದ ಈ ದನ ಸಾಕಣೆಯ ವ್ಯವಸ್ಥೆಗೆ ಅಮೃತ ಮಹಲ್ ಎಂದು ಹೆಸರಿಟ್ಟವನೂ ಟಿಪ್ಪುವೇ. ಇಂದು ಆ ತಳಿಯ ಮುಖ್ಯ ಸಂವರ್ಧನಾ ಕೇಂದ್ರ ಇರುವುದು ಅಜ್ಜಂಪುರದಲ್ಲಿ. ಆ ದನಗಳ ಹುಲ್ಲುಗಾವಲಾದ ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಈಗ ಕೃಷ್ಣಮೃಗಗಳಿಗೂ ರಕ್ಷಣೆ ಇದೆ.

ಹಡಗುಗಳು ಮುಳುಗಿದವು, ವರಹಗಳು ಕೈಬದಲಾಗಿ ಕರಗಿದವು. ಆ ಯುದ್ಧಕಾಲದ ಆಸ್ತಿಯಲ್ಲಿ ಜೀವಂತವಾಗಿ ನಮ್ಮ ಪಾಲಿಗೆ ಉಳಿದಿರುವುದು ಈ ದನ, ಈ ಕಾವಲು. ಇವು ಒತ್ತುವರಿಯಾಗದಂತೆ ನೋಡಿಕೊಳ್ಳುವ ಹೊಣೆ ಈ ಮೂರೂ ತಾಲ್ಲೂಕಿನವರದು.