ಅಂಟಿಕೊಂಡ ಆಂಟೆನಾ: ಮುರಿದದ್ದು ಯಾವುದು, ಕೆಟ್ಟದ್ದು ಯಾವುದು?

ರೇಡಿಯೊ ಹಾಕಿದೊಡನೆ ಕಾರಿನ ಮೈಯೊಳಗಿಂದ ಹೊಳೆಯುವ ಕಂಬವೊಂದು ತಾನಾಗಿಯೇ ಮೇಲೇಳುತ್ತದೆ. ರೇಡಿಯೊ ನಿಲ್ಲಿಸಿದರೆ ಮತ್ತೆ ಒಳಗೆ ಸೇರಿಕೊಳ್ಳುತ್ತದೆ. ಇದಕ್ಕೆ ‘ಪವರ್ ಆಂಟೆನಾ’ ಎಂದು ಹೆಸರು. 1980 ಮತ್ತು 1990ರ ದಶಕಗಳ ಹೋಂಡಾ ಅಕಾರ್ಡ್, ಟೊಯೊಟಾ ಕ್ಯಾಮ್ರಿ, ಮರ್ಸಿಡಿಸ್ ಡಬ್ಲ್ಯು 124 ಮುಂತಾದ ಕಾರುಗಳ ಹಲವು ಮಾದರಿಗಳಲ್ಲಿ ಇದು ಇತ್ತು. ಮುಂದೆ ಗಾಜಿನೊಳಗೆ ಅಡಗಿದ ತಂತಿಗಳೂ ಚಾವಣಿಯ ಮೇಲಿನ ಪುಟ್ಟ ಆಂಟೆನಾಗಳೂ ಅದರ ಜಾಗವನ್ನು ಹಿಡಿದವು. ಆದರೆ ಹಳೆಯ ಕಾರನ್ನು ಜತನದಿಂದ ಇಟ್ಟುಕೊಂಡವರು ಮಂಗಳೂರಿನಂಥ ಕಡಲತಡಿಯ ಊರಿನಲ್ಲಿ ಒಂದಲ್ಲ ಒಂದು ಮಳೆಗಾಲದ ಕೊನೆಯಲ್ಲಿ ಎದುರಿಸುವ ಸಮಸ್ಯೆ ಇದು: ಕಂಬ ಅರ್ಧಕ್ಕೆ ನಿಂತುಬಿಡುತ್ತದೆ. ಮೋಟಾರು ಮಾತ್ರ ಕೂಗುತ್ತಿರುತ್ತದೆ.

ಇಂಥ ಆಂಟೆನಾವನ್ನು ಬಿಚ್ಚಿ ನೋಡಿದರೆ ಹೆಚ್ಚಾಗಿ ಕಾಣುವುದು ತುಂಡಾದ ನೈಲಾನ್ ಪಟ್ಟಿ. ಅದನ್ನು ಬದಲಾಯಿಸಿದರೆ ಆಂಟೆನಾ ಓಡುತ್ತದೆ, ಆದರೆ ಮುಂದಿನ ಮಳೆಗಾಲದಲ್ಲಿ ಮತ್ತೆ ನಿಲ್ಲುತ್ತದೆ. ಏಕೆಂದರೆ ಮುರಿದ ಭಾಗ ಬೇರೆ, ಕೆಟ್ಟ ಭಾಗ ಬೇರೆ. ಇವೆರಡನ್ನೂ ಬೇರ್ಪಡಿಸಿ ನೋಡುವುದೇ ಈ ದುರಸ್ತಿಯ ಒಳಗುಟ್ಟು.

ಕಂಬ ಇಷ್ಟು ಉದ್ದ ಏಕೆ?

ಮೊದಲು, ಕಂಬ ಮೇಲೇಳದಿದ್ದರೆ ಏನು ನಷ್ಟ ಎಂಬುದನ್ನು ನೋಡೋಣ. ಮಂಗಳೂರು ಆಕಾಶವಾಣಿ ನಿಲಯ 1976ರಲ್ಲಿ ಆರಂಭವಾಯಿತು. ಅದರ ಎಫ್.ಎಂ. ಪ್ರಸಾರದ ಆವೃತ್ತಿ 100.3 ಮೆಗಾಹರ್ಟ್ಸ್. ಬೆಳಕಿನ ವೇಗವನ್ನು ಆವೃತ್ತಿಯಿಂದ ಭಾಗಿಸಿದರೆ ಅಲೆಯುದ್ದ ಸಿಗುತ್ತದೆ: ಸುಮಾರು 2.99 ಮೀಟರ್. ಲೋಹದ ಮೈಯ ಮೇಲೆ ನೆಟ್ಟಗೆ ನಿಂತ ಆಂಟೆನಾದ ಉದ್ದ ಅಲೆಯುದ್ದದ ಕಾಲುಭಾಗದಷ್ಟಿದ್ದರೆ ಅದು ಅಲೆಗಳನ್ನು ಚೆನ್ನಾಗಿ ಹಿಡಿಯುತ್ತದೆ. 2.99ರ ಕಾಲುಭಾಗ ಸುಮಾರು 75 ಸೆಂಟಿಮೀಟರ್. ಕಾರಿನ ಆಂಟೆನಾದ ಉದ್ದ ಈ ಅಳತೆಯ ಆಸುಪಾಸಿನಲ್ಲಿರುವುದು ಆಕಸ್ಮಿಕವಲ್ಲ.

ನಗರದ ಸಂತ ಅಲೋಶಿಯಸ್ ಸಂಸ್ಥೆಯ ಸಮುದಾಯ ಬಾನುಲಿ ‘ರೇಡಿಯೊ ಸಾರಂಗ್’ನ ಆವೃತ್ತಿ 107.8 ಮೆಗಾಹರ್ಟ್ಸ್. ಅದರ ಕಾಲು ಅಲೆಯುದ್ದ ಸುಮಾರು 70 ಸೆಂಟಿಮೀಟರ್. ಸಮುದಾಯ ಬಾನುಲಿಗಳ ಪ್ರಸಾರ ಸಾಮರ್ಥ್ಯ ಬಹಳ ಕಡಿಮೆ. ಮಂಗಳೂರಿನಂಥ ಏರುತಗ್ಗಿನ ಊರಿನಲ್ಲಿ ಗುಡ್ಡವೊಂದು ಅಡ್ಡ ಬಂದರೆ ಅದು ಇನ್ನೂ ಕ್ಷೀಣಿಸುತ್ತದೆ. ಅಂಥ ಕಡೆ ಆಂಟೆನಾದ ಉದ್ದವೇ ಕೇಳುವುದಕ್ಕೂ ಕೇಳದಿರುವುದಕ್ಕೂ ಇರುವ ವ್ಯತ್ಯಾಸ.

ಮೀಡಿಯಂ ವೇವ್‌ನ ಲೆಕ್ಕ ಬೇರೆ. ಮಂಗಳೂರು ನಿಲಯ ಬಹುಕಾಲ ಬಳಸಿದ 1089 ಕಿಲೋಹರ್ಟ್ಸ್‌ನ ಅಲೆಯುದ್ದ ಸುಮಾರು 275 ಮೀಟರ್. ಅದರ ಕಾಲುಭಾಗವೆಂದರೆ 69 ಮೀಟರ್. ಅಷ್ಟೆತ್ತರದ ಕಂಬವನ್ನು ಕಾರಿಗೆ ಕಟ್ಟಲಾಗದು. ಇಲ್ಲಿ ಆಂಟೆನಾ ಎಷ್ಟಿದ್ದರೂ ಗಿಡ್ಡವೇ. ಗಿಡ್ಡ ಆಂಟೆನಾದಲ್ಲಿ ಉಂಟಾಗುವ ವಿಭವಾಂತರ ಸರಿಸುಮಾರು ಅದರ ಉದ್ದಕ್ಕೆ ಅನುಪಾತದಲ್ಲಿರುತ್ತದೆ. 90 ಸೆಂಟಿಮೀಟರಿನ ಕಂಬ 10 ಸೆಂಟಿಮೀಟರಿಗೆ ನಿಂತುಬಿಟ್ಟರೆ ಸಂಕೇತ ಒಂಬತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ. ಒಳಗುಳಿದ ಭಾಗ ಲೋಹದ ಕೊಳವೆಯ ಮರೆಯಲ್ಲಿರುವುದರಿಂದ ಅದರಿಂದ ಏನೂ ಪ್ರಯೋಜನವಿಲ್ಲ.

ಒಳಗೇನಿದೆ?

ಕಂಬ ಒಂದರೊಳಗೊಂದು ಸೇರಿಕೊಳ್ಳುವ ಮೂರರಿಂದ ಐದು ತೆಳು ಕೊಳವೆಗಳಿಂದ ಆಗಿದೆ. ಕೊಳವೆಗಳು ಕ್ರೋಮಿಯಂ ಲೇಪಿಸಿದ ಹಿತ್ತಾಳೆಯವು ಇಲ್ಲವೇ ಸ್ಟೇನ್‌ಲೆಸ್ ಸ್ಟೀಲಿನವು. ಎಲ್ಲಕ್ಕಿಂತ ಒಳಗಿನ, ಎಲ್ಲಕ್ಕಿಂತ ಸಪೂರವಾದ ಕಡ್ಡಿಯ ಬುಡಕ್ಕೆ ಒಂದು ಬದಿಯಲ್ಲಿ ಹಲ್ಲುಗಳಿರುವ ಉದ್ದನೆಯ ನೈಲಾನ್ ಪಟ್ಟಿ ಜೋಡಣೆಯಾಗಿರುತ್ತದೆ. ಕೆಳಗಿನ ಪೆಟ್ಟಿಗೆಯಲ್ಲಿ ಪುಟ್ಟ ಡಿ.ಸಿ. ಮೋಟಾರು, ಅದರ ವೇಗವನ್ನು ತಗ್ಗಿಸುವ ಹಲ್ಲುಚಕ್ರಗಳು ಮತ್ತು ಪಟ್ಟಿ ಸುತ್ತಿಕೊಳ್ಳುವ ಡಬ್ಬಿ ಇರುತ್ತವೆ. ಚಕ್ರ ಒಂದು ದಿಕ್ಕಿಗೆ ತಿರುಗಿದರೆ ಪಟ್ಟಿ ಕಡ್ಡಿಯನ್ನು ಮೇಲಕ್ಕೆ ತಳ್ಳುತ್ತದೆ, ಇನ್ನೊಂದು ದಿಕ್ಕಿಗೆ ತಿರುಗಿದರೆ ಕೆಳಕ್ಕೆ ಎಳೆಯುತ್ತದೆ. ಪೆಟ್ಟಿಗೆ ಮಡ್‌ಗಾರ್ಡಿನ ಒಳಗೋ ಡಿಕ್ಕಿಯ ಪಕ್ಕದಲ್ಲೋ ಅಡಗಿರುತ್ತದೆ.

ಸಾಮಾನ್ಯವಾಗಿ ಪೆಟ್ಟಿಗೆಗೆ ಮೂರು ತಂತಿಗಳು ಬರುತ್ತವೆ. ಒಂದರಲ್ಲಿ ಬ್ಯಾಟರಿಯ 12 ವೋಲ್ಟ್ ಸದಾ ಇರುತ್ತದೆ. ಇನ್ನೊಂದು ಅರ್ತ್. ಮೂರನೆಯದು ರೇಡಿಯೊ ಹಾಕಿದಾಗ ಮಾತ್ರ ಜೀವ ಪಡೆಯುವ ಆಜ್ಞೆಯ ತಂತಿ. ಈ ಆಜ್ಞೆಯಂತೆ ರಿಲೇ ಒಂದು ಮೋಟಾರಿನ ಧನ, ಋಣ ತುದಿಗಳನ್ನು ಅದಲುಬದಲು ಮಾಡುತ್ತದೆ.

ಕಂಬ ತುದಿ ಮುಟ್ಟಿದ ಮೇಲೆ ಮೋಟಾರನ್ನು ನಿಲ್ಲಿಸಲು ಕೆಲವು ಮಾದರಿಗಳಲ್ಲಿ ಮಿತಿಸ್ವಿಚ್ಚುಗಳಿವೆ. ಹಲವು ಮಾದರಿಗಳಲ್ಲಿ ಹಲ್ಲುಚಕ್ರಗಳ ನಡುವೆ ಜಾರುವ ಕ್ಲಚ್ ಇರುತ್ತದೆ. ಒತ್ತಡ ಮಿತಿಮೀರಿದರೆ ಅದು ‘ಟಕ್ ಟಕ್’ ಎಂದು ಜಾರಿ ಮೋಟಾರನ್ನು ಕಾಪಾಡುತ್ತದೆ. ಕ್ಲಚ್ ಬಿಗಿದುಕೊಂಡಿದ್ದರೆ ಮುಂದಿನ ಸರದಿ ನೈಲಾನ್ ಹಲ್ಲುಗಳದು. ಮನೆಯ ವಿದ್ಯುತ್ ಮಂಡಲದಲ್ಲಿ ಫ್ಯೂಸ್ ಮಾಡುವ ಕೆಲಸವನ್ನೇ ಇಲ್ಲಿ ನೈಲಾನ್ ಪಟ್ಟಿ ಮಾಡುತ್ತದೆ. ಫ್ಯೂಸ್ ಸುಟ್ಟರೆ ಹೊಸ ತಂತಿ ಹಾಕುವ ಮೊದಲು ಅದು ಏಕೆ ಸುಟ್ಟಿತೆಂದು ನೋಡುತ್ತೇವಲ್ಲವೇ? ಇಲ್ಲಿಯೂ ಹಾಗೆಯೇ.

ಉಪ್ಪುಗಾಳಿಯ ಕೆಲಸ

ಹಾಗಾದರೆ ಕೆಟ್ಟದ್ದೇನು? ಕೊಳವೆಗಳ ನಡುವಿನ ಸಂದು. ಸಮುದ್ರದ ಅಲೆ ಒಡೆದಾಗ ಹಾರುವ ಸೂಕ್ಷ್ಮ ಹನಿಗಳಲ್ಲಿನ ಉಪ್ಪು ಗಾಳಿಯೊಂದಿಗೆ ಊರಿನೊಳಕ್ಕೆ ಬಂದು ಕಂಬದ ಮೇಲೆ ಕೂರುತ್ತದೆ. ಅಡುಗೆ ಉಪ್ಪಿಗೆ ಒಂದು ಗುಣವಿದೆ: ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡಾ 75ನ್ನು ದಾಟಿದರೆ ಅದು ಗಾಳಿಯಿಂದಲೇ ನೀರನ್ನು ಹೀರಿ ದ್ರಾವಣವಾಗುತ್ತದೆ. ಮಳೆಗಾಲದಲ್ಲಿ ಕರಾವಳಿಯ ಅಡುಗೆಮನೆಗಳ ಉಪ್ಪಿನ ಭರಣಿ ಒದ್ದೆಯಾಗುವುದು ಇದೇ ಕಾರಣದಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಂಗಳೂರಿನ ಗಾಳಿಯ ಆರ್ದ್ರತೆ ಬಹುಪಾಲು ಈ ಗಡಿಯ ಮೇಲೆಯೇ ಇರುತ್ತದೆ. ಆದ್ದರಿಂದ ಮಳೆ ಬಿಟ್ಟ ದಿನವೂ ಕಂಬದ ಮೇಲಿನ ಉಪ್ಪು ಒಣಗುವುದಿಲ್ಲ.

ಈ ಉಪ್ಪುನೀರಿನ ಪೊರೆಯನ್ನು ಹೊತ್ತುಕೊಂಡೇ ಕಂಬ ಒಳಗಿಳಿಯುತ್ತದೆ. ಕೊಳವೆಗಳ ನಡುವಿನ ಸಂದು ಅತಿ ಕಿರಿದಾದುದರಿಂದ ಲೋಮನಾಳ ಕ್ರಿಯೆ ನೀರನ್ನು ಅಲ್ಲಿಯೇ ಹಿಡಿದಿಡುತ್ತದೆ. ಉಪ್ಪುನೀರು ಒಳ್ಳೆಯ ವಿದ್ಯುದ್ವಿಭಾಜ್ಯ. ಕ್ರೋಮಿಯಂ ಲೇಪದಲ್ಲಿ ಗೀರು ಬಿದ್ದ ಕಡೆ ಹಿತ್ತಾಳೆಗೆ ಕಿಲುಬು ಹಿಡಿಯುತ್ತದೆ. ಕಂಬವನ್ನು ಹಿಡಿದಿರುವ ಉಕ್ಕಿನ ತಗಡಿಗೆ ತುಕ್ಕು ಹಿಡಿಯುತ್ತದೆ. ಕಿಲುಬಾಗಲಿ ತುಕ್ಕಾಗಲಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಸಂದು ತುಂಬುತ್ತದೆ, ಘರ್ಷಣೆ ಹೆಚ್ಚುತ್ತದೆ.

ಇದರೊಂದಿಗೆ ಇನ್ನೊಂದು ತೊಂದರೆ ಸೇರುತ್ತದೆ. ಕಂಬದ ಮೂಲಕ ಒಳಗಿಳಿದ ಮಳೆನೀರು ಹೊರಹೋಗಲು ಪೆಟ್ಟಿಗೆಯ ಕೆಳಭಾಗದಲ್ಲಿ ಒಂದು ರಂಧ್ರ ಅಥವಾ ರಬ್ಬರ್ ನಳಿಗೆ ಇರುತ್ತದೆ. ಚಕ್ರದಿಂದ ಸಿಡಿಯುವ ಮುರಕಲ್ಲಿನ ಕೆಂಪುಮಣ್ಣು ಅದನ್ನು ಮುಚ್ಚಿಬಿಟ್ಟರೆ ಮೋಟಾರೂ ರಿಲೇಯೂ ನೀರಿನಲ್ಲಿ ನಿಂತಂತೆಯೇ.

ಬಿಚ್ಚುವ ಮೊದಲು ಕಿವಿಗೊಡಿ

ಒಬ್ಬರು ರೇಡಿಯೊ ಹಾಕಲಿ, ಇನ್ನೊಬ್ಬರು ಆಂಟೆನಾದ ಬಳಿ ನಿಂತು ಆಲಿಸಲಿ. ರೋಗ ಎಲ್ಲಿದೆಯೆಂದು ಸದ್ದೇ ಹೇಳುತ್ತದೆ.

1. ಏನೂ ಸದ್ದಿಲ್ಲ: ದೋಷ ವಿದ್ಯುತ್ತಿನದು. ಫ್ಯೂಸ್, ಅರ್ತ್, ಆಜ್ಞೆಯ ತಂತಿ, ರಿಲೇ, ಮೋಟಾರಿನ ಬ್ರಷ್‌ಗಳನ್ನು ಈ ಕ್ರಮದಲ್ಲೇ ಮಲ್ಟಿಮೀಟರಿನಿಂದ ಪರೀಕ್ಷಿಸಬೇಕು. ಹೊಸ ರೇಡಿಯೊ ಕೂರಿಸುವಾಗ ಆಜ್ಞೆಯ ತಂತಿಯನ್ನು ಜೋಡಿಸದೆ ಬಿಟ್ಟಿರುವುದೂ ಉಂಟು.

2. ಮೋಟಾರು ಏದುತ್ತದೆ, ‘ಟಕ್ ಟಕ್’ ಸದ್ದು ಬರುತ್ತದೆ, ಕಂಬ ಅಲುಗುವುದಿಲ್ಲ: ಕಂಬ ಅಂಟಿಕೊಂಡಿದೆ, ಹಲ್ಲುಗಳು ಇನ್ನೂ ಗಟ್ಟಿಯಾಗಿವೆ. ಈಗಲೇ ಕೈಹಾಕಿದರೆ ಶುಚಿಗೊಳಿಸುವುದಷ್ಟೇ ಕೆಲಸ.

3. ಮೋಟಾರು ಹಗುರಾಗಿ ‘ಗುಂಯ್’ ಎನ್ನುತ್ತದೆ, ಕಂಬ ಅಲುಗುವುದಿಲ್ಲ: ನೈಲಾನ್ ಪಟ್ಟಿ ತುಂಡಾಗಿದೆ ಅಥವಾ ಹಲ್ಲು ಕಳೆದುಕೊಂಡಿದೆ.

4. ಮೋಟಾರು ನಿಲ್ಲುವುದೇ ಇಲ್ಲ: ಮಿತಿಸ್ವಿಚ್ಚು ಅಥವಾ ರಿಲೇ ಕೆಟ್ಟಿದೆ. ಕೂಡಲೇ ಫ್ಯೂಸ್ ತೆಗೆಯಿರಿ, ಇಲ್ಲವಾದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗಬಹುದು.

ಎರಡನೆಯ ಸ್ಥಿತಿಯಲ್ಲಿ ಹಲವರು ಮಾಡುವುದೇನು? ಮತ್ತೆ ಮತ್ತೆ ರೇಡಿಯೊ ಹಾಕಿ ತೆಗೆಯುವುದು. ಇದು ಅಪಾಯಕಾರಿ. ತಿರುಗುತ್ತಿರುವ ಮೋಟಾರಿನಲ್ಲಿ ಪ್ರತಿ ವಿದ್ಯುಚ್ಚಾಲಕ ಬಲ ಹುಟ್ಟಿ ಪ್ರವಾಹವನ್ನು ತಡೆಹಿಡಿಯುತ್ತದೆ. ಮೋಟಾರಿನ ರೋಧ 2 ಓಮ್, ಪ್ರತಿಬಲ 8 ವೋಲ್ಟ್ ಎಂದಿಟ್ಟುಕೊಳ್ಳಿ. ಪ್ರವಾಹ (12 – 8) / 2, ಅಂದರೆ 2 ಆಂಪಿಯರ್. ಸುರುಳಿಯಲ್ಲಿ ಉಂಟಾಗುವ ಉಷ್ಣ 8 ವ್ಯಾಟ್. ಮೋಟಾರು ಅಲುಗದೆ ನಿಂತರೆ ಪ್ರತಿಬಲ ಸೊನ್ನೆ. ಆಗ ಪ್ರವಾಹ 6 ಆಂಪಿಯರ್, ಉಷ್ಣ 72 ವ್ಯಾಟ್. ಪ್ರವಾಹ ಮೂರು ಪಟ್ಟು, ಉಷ್ಣ ಒಂಬತ್ತು ಪಟ್ಟು! ಕ್ಲಚ್ ಜಾರದಿದ್ದರೆ ಹೊಗೆ ಕಾಣಲು ಬಹಳ ಹೊತ್ತು ಬೇಡ. ಹಳೆಯ ಮಾದರಿಗೆ ಹೊಂದುವ ಕಂಬ ಹುಡುಕಿದರೆ ಸಿಕ್ಕೀತು, ಸುಟ್ಟ ಮೋಟಾರಿನ ಜೋಡಿ ಸಿಗುವುದು ಕಷ್ಟ.

ದುರಸ್ತಿಯ ಕ್ರಮ

ಕಂಬ ಅಂಟಿಕೊಂಡಿರುವುದಷ್ಟೇ ಆದರೆ, ಬಟ್ಟೆಯನ್ನು ಸೀಮೆಎಣ್ಣೆ ಅಥವಾ ಟರ್ಪೆಂಟೈನಿನಲ್ಲಿ ಅದ್ದಿ ಹೊರಗಿರುವ ಭಾಗವನ್ನು ಒರೆಸಿ. ಸಂದುಗಳಿಗೆ ಒಂದೆರಡು ಹನಿ ಬಿಟ್ಟು ಕಾಲುಗಂಟೆ ಕಾಯಿರಿ. ಅನಂತರ ರೇಡಿಯೊ ಹಾಕಿಸಿ, ಮೋಟಾರು ತಳ್ಳುವಾಗ ಮಾತ್ರ ಕೈಯಿಂದ ಮೆಲ್ಲಗೆ ನೆಟ್ಟಗೆ ಎಳೆಯಿರಿ. ಪೂರ್ತಿ ಮೇಲೆ ಬಂದ ಮೇಲೆ ಕಪ್ಪುಕೊಳೆ ಬರುವುದು ನಿಲ್ಲುವವರೆಗೂ ಒರೆಸಿ. ಉಪ್ಪುಕಾಗದದಿಂದ ಉಜ್ಜಬಾರದು, ಲೇಪ ಹೋದರೆ ಕಿಲುಬಿಗೆ ದಾರಿ ತೆರೆದಂತೆ. ಹಿತ್ತಾಳೆ ಪಾತ್ರೆಯ ನೆನಪಾಗಿ ಹುಣಿಸೆಹುಳಿ ಹಚ್ಚುವುದೂ ಬೇಡ. ಅದರ ಆಮ್ಲ ಕಿಲುಬನ್ನು ಕರಗಿಸುವುದು ನಿಜ, ಆದರೆ ಸಂದಿನಲ್ಲಿ ಉಳಿದ ಹುಳಿಯನ್ನು ತೊಳೆದು ತೆಗೆಯುವುದು ಸಾಧ್ಯವಿಲ್ಲ.

ಪಟ್ಟಿ ಗಟ್ಟಿಯಾಗಿದ್ದು ಕಂಬ ಮಾತ್ರ ಬಾಗಿದ್ದರೆ ಕಂಬವನ್ನು ಬದಲಾಯಿಸಬೇಕು. ಮೇಲಿನ ನಟ್ ಬಿಚ್ಚಿ ರೇಡಿಯೊ ಹಾಕಿಸಿ. ಮೋಟಾರೇ ಪಟ್ಟಿಯ ಸಮೇತ ಕಂಬವನ್ನು ಹೊರದೂಡುತ್ತದೆ. ಹಲ್ಲುಗಳು ಯಾವ ಕಡೆಗಿದ್ದವು ಎಂದು ಗುರುತು ಮಾಡಿಕೊಳ್ಳಿ. ಹೊಸ ಕಂಬದ ಉದ್ದ, ಕೊಳವೆಗಳ ಸಂಖ್ಯೆ, ಪಟ್ಟಿಯ ಉದ್ದ, ಹಲ್ಲುಗಳ ಅಂತರ ನಾಲ್ಕೂ ಹಳೆಯದಕ್ಕೆ ಹೊಂದಬೇಕು. ಪಟ್ಟಿಯನ್ನು ಅದೇ ದಿಕ್ಕಿನಲ್ಲಿ ಒಳಗಿಳಿಸಿ, ಚಕ್ರಕ್ಕೆ ತಾಗಿದೊಡನೆ ರೇಡಿಯೊ ನಿಲ್ಲಿಸಲು ಹೇಳಿ. ಮೋಟಾರು ಪಟ್ಟಿಯನ್ನು ಒಳಗೆಳೆದುಕೊಳ್ಳುತ್ತದೆ. ಕಂಬವನ್ನು ನೆಟ್ಟಗೆ ಹಿಡಿದು ಇಳಿಸಿ ನಟ್ ಬಿಗಿಯಿರಿ.

ಪಟ್ಟಿ ತುಂಡಾಗಿದ್ದರೆ ಅದರ ಬಾಲ ಡಬ್ಬಿಯಲ್ಲೇ ಉಳಿದಿರುತ್ತದೆ. ಆಗ ಬ್ಯಾಟರಿಯ ಋಣ ತುದಿಯನ್ನು ಕಳಚಿ, ಪೆಟ್ಟಿಗೆಯನ್ನು ಹೊರತೆಗೆದು ಬಿಚ್ಚಲೇಬೇಕು. ಸಿಕ್ಕ ತುಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ಹೊಸ ಪಟ್ಟಿಯ ಪಕ್ಕದಲ್ಲಿಟ್ಟು ಅಳೆಯಿರಿ. ಉದ್ದ ಕಡಿಮೆ ಬಂದರೆ ಒಂದು ಚೂರು ಇನ್ನೂ ಚಕ್ರಗಳ ನಡುವೆ ಇದೆಯೆಂದು ತಿಳಿಯಿರಿ. ಇದೇ ಹೊತ್ತಿನಲ್ಲಿ ನೀರು ಹೋಗುವ ರಂಧ್ರವನ್ನು ತಂತಿಯಿಂದ ಬಿಡಿಸಿ, ಬುಡದ ತುಕ್ಕನ್ನು ಕೆರೆದು ತೆಗೆಯಿರಿ. ಆಂಟೆನಾದ ಬುಡಕ್ಕೂ ಕಾರಿನ ಮೈಗೂ ನಡುವಿನ ರೋಧ ಮಲ್ಟಿಮೀಟರಿನಲ್ಲಿ ಒಂದು ಓಮ್‌ಗಿಂತ ಕಡಿಮೆ ಇರಲಿ. ಅಲ್ಲಿ ಸಂಪರ್ಕ ಸರಿಯಿಲ್ಲದಿದ್ದರೆ ಕಂಬ ಎಷ್ಟೇ ಚೆನ್ನಾಗಿ ಎದ್ದರೂ ರೇಡಿಯೊದಲ್ಲಿ ಎಂಜಿನ್ನಿನ ಕರಕರ ಕೇಳಿಸುತ್ತದೆ.

ಕೊನೆಗೆ ಎಣ್ಣೆ. ಕೈಗೆ ಸುಲಭವಾಗಿ ಸಿಗುವುದು ತೆಂಗಿನೆಣ್ಣೆ. ಆದರೆ ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್‌ನ ಕೆಳಗೆ ಹೆಪ್ಪುಗಟ್ಟತೊಡಗುತ್ತದೆ. ಡಿಸೆಂಬರ್, ಜನವರಿಯ ಮುಂಜಾವುಗಳಲ್ಲಿ ಮಂಗಳೂರು ಕೂಡ ಅಷ್ಟು ತಂಪಾಗುತ್ತದೆ. ಗ್ರೀಸ್ ಧೂಳನ್ನು ಹಿಡಿದು ಅರೆಯುವ ಹಿಟ್ಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆಯನ್ನು ಬಟ್ಟೆಗೆ ಒಂದೆರಡು ಹನಿ ಹಾಕಿ ಸವರಿ, ಒಣಬಟ್ಟೆಯಿಂದ ಒರೆಸಿ ತೆಗೆದರೆ ಉಳಿಯುವ ಪೊರೆಯೇ ಸಾಕು. ಮಳೆಗಾಲದಲ್ಲಿ ವಾರಕ್ಕೊಮ್ಮೆ ಕಂಬವನ್ನು ಪೂರ್ತಿ ಏರಿಸಿ ಸಿಹಿನೀರಿನ ಬಟ್ಟೆಯಿಂದ ಉಪ್ಪನ್ನು ಒರೆಸಿ, ಒಣಗಿಸಿ ಇಳಿಸಿದರೆ ಮೇಲೆ ಹೇಳಿದ ಯಾವ ಕೆಲಸವೂ ಬೇಕಾಗದಿರಬಹುದು.

ತರಗತಿಯಲ್ಲಿ

ಕಾರಿಲ್ಲದೆಯೂ ಇದರ ವಿಜ್ಞಾನವನ್ನು ತೋರಿಸಬಹುದು. ಎಳೆದು ಉದ್ದ ಮಾಡುವ ಆಂಟೆನಾ ಇರುವ ಟ್ರಾನ್ಸಿಸ್ಟರಿನಲ್ಲಿ ಕ್ಷೀಣವಾದ ಎಫ್.ಎಂ. ಕೇಂದ್ರವೊಂದನ್ನು ಹಿಡಿಯಿರಿ. ಆಂಟೆನಾವನ್ನು 75, 50, 25 ಸೆಂಟಿಮೀಟರಿಗೆ ಇಳಿಸುತ್ತ ವ್ಯತ್ಯಾಸವನ್ನು ವಿದ್ಯಾರ್ಥಿಗಳು ಬರೆದುಕೊಳ್ಳಲಿ. ಮೂರು ಜೊತೆ ಹಿತ್ತಾಳೆ ಮತ್ತು ಕಬ್ಬಿಣದ ಮೊಳೆಗಳನ್ನು ತೆಗೆದುಕೊಂಡು ಒಂದು ಜೊತೆಯನ್ನು ಒಣಗಿಸಿಡಿ, ಒಂದನ್ನು ಸಿಹಿನೀರಿನಲ್ಲಿ, ಇನ್ನೊಂದನ್ನು ಉಪ್ಪುನೀರಿನಲ್ಲಿ ಒದ್ದೆ ಮಾಡಿ ಹದಿನೈದು ದಿನ ಗಮನಿಸಿ.

ಆಮೇಲೆ ಈ ಪ್ರಶ್ನೆಯನ್ನು ಮುಂದಿಡಿ: ನೈಲಾನ್ ಪಟ್ಟಿ ಮುರಿಯುತ್ತದೆಂದು ಅದರ ಬದಲು ಉಕ್ಕಿನ ಪಟ್ಟಿ ಹಾಕಿದರೆ ಹೇಗೆ? ಬೇಡ ಎನ್ನಲು ಎರಡು ಕಾರಣಗಳಿವೆ. ಕಂಬ ಅಂಟಿಕೊಂಡಾಗ ಉಕ್ಕು ಮುರಿಯುವುದಿಲ್ಲ, ಹಾಗಾಗಿ ಹಲ್ಲುಚಕ್ರವೋ ಮೋಟಾರೋ ಬಲಿಯಾಗುತ್ತದೆ. ಎರಡನೆಯದಾಗಿ, ನೈಲಾನ್ ಅವಾಹಕ. ಕಂಬ ಹಿಡಿದ ಸಂಕೇತ ಅದರ ಮೂಲಕ ಪೆಟ್ಟಿಗೆಯ ಲೋಹಕ್ಕೆ ಹರಿಯದು. ಉಕ್ಕಿನ ಪಟ್ಟಿಯಾದರೆ ಆ ಸಂಕೇತ ರೇಡಿಯೊ ತಲುಪುವ ಮೊದಲೇ ಕಾರಿನ ಮೈಗೆ ಇಳಿದುಹೋಗುತ್ತದೆ. ಮೊದಲ ಕಾರಣವನ್ನು ಬಹುಪಾಲು ವಿದ್ಯಾರ್ಥಿಗಳು ತಾವೇ ಹೇಳಿಯಾರು. ಎರಡನೆಯದು ಅವರಿಗೆ ಹೊಳೆಯಬೇಕಾದರೆ ಬಿಚ್ಚಿದ ಹಳೆಯ ಆಂಟೆನಾ ಒಂದು ಮೇಜಿನ ಮೇಲಿದ್ದರೆ ಒಳ್ಳೆಯದು.