ಗೇರ್‌ಬಾಕ್ಸಿನ ಕೆಂಪು ಎಣ್ಣೆ

ಜೋಯಿಡಾದಿಂದ ಕಾರವಾರಕ್ಕೆ ಹೋಗುವ ರಸ್ತೆ ಕುಂಬಾರವಾಡವನ್ನು ದಾಟಿ, ಅಣಶಿ ಘಟ್ಟವನ್ನು ಇಳಿದು ಕದ್ರಾ ಕಡೆಗೆ ಸಾಗುತ್ತದೆ. ಈ ಘಟ್ಟವನ್ನು ಕೆಳಗಿನಿಂದ ಏರಿ ಬರುವ ಕಾರುಗಳನ್ನು ನೀವು ಗಮನಿಸಿರಬಹುದು. ಪ್ರತಿ ತಿರುವಿನಲ್ಲೂ ವೇಗ ತಗ್ಗುತ್ತದೆ, ಗೇರ್ ಇಳಿಯುತ್ತದೆ, ಮತ್ತೆ ಏರುತ್ತದೆ. ಕ್ಲಚ್ ಪೆಡಲ್ ಇಲ್ಲದ, ತಾನಾಗಿಯೇ ಗೇರ್ ಬದಲಿಸಿಕೊಳ್ಳುವ ಕಾರುಗಳು ಈಗ ಇಂಥ ದಾರಿಗಳಲ್ಲೂ ಅಪರೂಪವಲ್ಲ. ಅವುಗಳಲ್ಲಿ ಚಾಲಕನ ಎಡಗಾಲಿಗೆ ಬಿಡುವು ಕೊಟ್ಟಿರುವುದು ಒಂದು ಎಣ್ಣೆ. ಅದನ್ನು ಎ.ಟಿ.ಎಫ್. ಎನ್ನುತ್ತಾರೆ. ಘಟ್ಟದ ಮೇಲಿನ ಊರುಗಳಲ್ಲಿ ಕಾರು ಇಟ್ಟುಕೊಂಡವರು ಇದನ್ನು ಮನೆಯಲ್ಲೇ ಬದಲಿಸಲು ಸಾಧ್ಯವೆ? ಸಾಧ್ಯ. ಆದರೆ ಅದು ಬೋಲ್ಟ್ ಬಿಚ್ಚಿ ಎಣ್ಣೆ ಸುರಿಯುವ ಕೆಲಸಕ್ಕಿಂತ ಹೆಚ್ಚಾಗಿ ತಾಪ ಮತ್ತು ಗಾತ್ರಗಳನ್ನು ಅಳೆಯುವ ಕೆಲಸ.

ಮೊದಲಿಗೆ ಕಾರು ಯಾವ ಬಗೆಯದೆಂದು ತಿಳಿಯಬೇಕು. ನಮ್ಮಲ್ಲಿ ಮಾರಾಟವಾಗುವ ಅಗ್ಗದ 'ಆಟೋಮ್ಯಾಟಿಕ್' ಕಾರುಗಳಲ್ಲಿ ಹಲವು ಎ.ಎಂ.ಟಿ. ಬಗೆಯವು. ಅವುಗಳ ಒಳಗಿರುವುದು ಮಾಮೂಲಿ ಗೇರ್‌ಬಾಕ್ಸ್. ಕ್ಲಚ್ಚನ್ನೂ ಗೇರನ್ನೂ ಒಂದು ಯಾಂತ್ರಿಕ ಕೈ ಬದಲಿಸುತ್ತದೆ ಅಷ್ಟೆ. ಅವಕ್ಕೆ ಸಾದಾ ಗೇರ್ ಎಣ್ಣೆ ಸಾಕು. ಸಿ.ವಿ.ಟಿ. ಬಗೆಗೆ ಅದರದೇ ಆದ ಬೇರೆ ದ್ರವ ಬೇಕು. ಇಲ್ಲಿ ಹೇಳುತ್ತಿರುವುದು ಟಾರ್ಕ್ ಕನ್ವರ್ಟರ್ ಇರುವ ಗೇರ್‌ಬಾಕ್ಸಿನ ವಿಷಯ. ಕೈಪಿಡಿಯಲ್ಲಿ ಹೇಳಿದ ದ್ರವವನ್ನು ಬಿಟ್ಟು ಅಂಗಡಿಯವರು ಕೊಟ್ಟದ್ದನ್ನು ಹಾಕಿದರೆ ಲಕ್ಷ ರೂಪಾಯಿ ಮೀರುವ ರಿಪೇರಿಗೂ ದಾರಿಯಾಗಬಹುದು.

ಟಾರ್ಕ್ ಕನ್ವರ್ಟರನ್ನು ಎದುರು ಬದುರು ಇಟ್ಟ ಎರಡು ಫ್ಯಾನುಗಳಿಗೆ ಹೋಲಿಸಬಹುದು. ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಎರಡರ ನಡುವೆ ಎಣ್ಣೆಯ ದಿಕ್ಕನ್ನು ತಿದ್ದುವ ಮೂರನೆಯ ಚಕ್ರವೊಂದಿದೆ. ಜರ್ಮನಿಯ ಹರ್ಮನ್ ಫಾಟಿಂಗರ್ 1905ರಲ್ಲಿ ಹಡಗುಗಳಿಗಾಗಿ ಈ ವಿಧಾನವನ್ನು ರೂಪಿಸಿದ. ಎಣ್ಣೆಯ ಕೆಲಸ ಇಷ್ಟಕ್ಕೇ ಮುಗಿಯುವುದಿಲ್ಲ. ಗೇರ್ ಬದಲಾಗುವಾಗ ಒಳಗಿನ ಕ್ಲಚ್ ಬಿಲ್ಲೆಗಳನ್ನು ಒತ್ತಿ ಹಿಡಿಯುವುದು ಅದರ ಒತ್ತಡವೇ. ಗೇರುಗಳನ್ನು ಸವೆಯದಂತೆ ಕಾಯುವುದು, ಉಷ್ಣವನ್ನು ಹೊತ್ತು ತಂಪುಕಾರಕಕ್ಕೆ ಒಯ್ಯುವುದು ಕೂಡ ಅದೇ. ಇವೆಲ್ಲದರ ಜೊತೆಗೆ ಒಂದು ವಿರೋಧಾಭಾಸವಿದೆ: ಗೇರಿನ ಹಲ್ಲುಗಳ ನಡುವೆ ಜಾರಬೇಕಾದ ಎಣ್ಣೆ, ಕ್ಲಚ್ ಬಿಲ್ಲೆಗಳ ನಡುವೆ ಹಿಡಿತ ಕೊಡಬೇಕು. ಅದೂ ಧಡಕ್ಕೆಂದು ಹಿಡಿಯದೆ, ನಯವಾಗಿ. ಇದಕ್ಕಾಗಿಯೇ ಅದರಲ್ಲಿ ಘರ್ಷಣೆಯನ್ನು ಹದಗೊಳಿಸುವ ರಾಸಾಯನಿಕಗಳು ಬೆರೆತಿರುತ್ತವೆ. ಒಂದು ಕಾಲಕ್ಕೆ ಅಮೆರಿಕದಲ್ಲಿ ಈ ಕೆಲಸಕ್ಕೆ ಸ್ಪರ್ಮ್ ತಿಮಿಂಗಿಲದ ಎಣ್ಣೆಯನ್ನು ಬಳಸುತ್ತಿದ್ದರು! 1970ರಲ್ಲಿ ಆ ತಿಮಿಂಗಿಲ ಅಳಿವಿನ ಅಂಚಿನ ಪ್ರಾಣಿಗಳ ಪಟ್ಟಿಗೆ ಸೇರಿದ ಮೇಲೆ ರಸಾಯನ ವಿಜ್ಞಾನಿಗಳು ಬದಲಿ ವಸ್ತುಗಳನ್ನು ಹುಡುಕಬೇಕಾಯಿತು.

ಇಂಥ ಎಣ್ಣೆ ಏಕೆ ಕೆಡುತ್ತದೆ? ಮುಖ್ಯ ಶತ್ರು ಉಷ್ಣ. ಒಂದು ಲೆಕ್ಕ ಮಾಡಿ ನೋಡೋಣ. ಜನರೂ ಸಾಮಾನೂ ಸೇರಿ 1500 ಕಿ.ಗ್ರಾಂ. ಇರುವ ಕಾರು ಘಟ್ಟದಲ್ಲಿ 500 ಮೀಟರ್ ಎತ್ತರ ಏರಿತೆನ್ನಿ. ದ್ರವ್ಯರಾಶಿ, ಗುರುತ್ವ ವೇಗೋತ್ಕರ್ಷ ಮತ್ತು ಎತ್ತರಗಳನ್ನು ಗುಣಿಸಿದರೆ ಸುಮಾರು 73.5 ಲಕ್ಷ ಜೂಲ್ ಶಕ್ತಿ ಬೇಕು. ಇದರ ಹತ್ತನೆಯ ಒಂದು ಭಾಗದಷ್ಟು ಗೇರ್‌ಬಾಕ್ಸಿನಲ್ಲಿ ಉಷ್ಣವಾಯಿತೆಂದು ಭಾವಿಸಿದರೂ 7.35 ಲಕ್ಷ ಜೂಲ್ ಆಯಿತು. ಒಳಗಿರುವ ಎಣ್ಣೆ 8 ಲೀಟರ್, ಅಂದರೆ ಸುಮಾರು 6.8 ಕಿ.ಗ್ರಾಂ.; ಅದರ ವಿಶಿಷ್ಟೋಷ್ಣ ಕಿ.ಗ್ರಾಂ.ಗೆ ಡಿಗ್ರಿಯೊಂದಕ್ಕೆ ಸುಮಾರು 2000 ಜೂಲ್. ಉಷ್ಣವೆಲ್ಲ ಎಣ್ಣೆಯಲ್ಲೇ ಉಳಿದರೆ ಅದರ ತಾಪ 54 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಬೇಕು. ನಿಜದಲ್ಲಿ ತಂಪುಕಾರಕವೂ ಲೋಹದ ಕವಚವೂ ಬಹುಪಾಲನ್ನು ಸೆಳೆದುಕೊಳ್ಳುತ್ತವೆ. ಸಮತಟ್ಟಾದ ಹೆದ್ದಾರಿಯಲ್ಲಿ ಕನ್ವರ್ಟರಿನ ಎರಡೂ ಚಕ್ರಗಳನ್ನು ಒಂದಕ್ಕೊಂದು ಬಂಧಿಸುವ ಬೀಗವಿರುವುದರಿಂದ ನಷ್ಟ ಕಡಿಮೆ. ಆದರೆ ಘಟ್ಟದ ತಿರುವುಗಳಲ್ಲಿ ಆ ಬೀಗ ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತದೆ.

ತಾಪ 10 ಡಿಗ್ರಿ ಏರಿದರೆ ಎಣ್ಣೆಯ ಉತ್ಕರ್ಷಣದ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆಂಬುದು ಒಂದು ಸ್ಥೂಲ ನಿಯಮ. ಹಾಗಾಗಿ ಬಯಲು ಸೀಮೆಯ ಕಾರಿಗೂ ಘಟ್ಟದ ಕಾರಿಗೂ ಒಂದೇ ಗಡುವು ಸಲ್ಲದು. ಕೆಲವು ಎಣ್ಣೆಗಳನ್ನು 'ಜೀವಮಾನದ ಎಣ್ಣೆ' ಎನ್ನುತ್ತಾರೆ. ಎಣ್ಣೆಯ ಜೀವಮಾನವೋ, ಗೇರ್‌ಬಾಕ್ಸಿನದೋ, ವಾರಂಟಿಯದೋ ಎಂದು ಕೇಳುವುದು ಒಳ್ಳೆಯದು. ಕೈಪಿಡಿಯಲ್ಲಿ 'ಕಠಿಣ ಬಳಕೆ'ಗೆ ಬೇರೆ ಅವಧಿ ಹೇಳಿದ್ದರೆ ಅದನ್ನೇ ಅನುಸರಿಸಿ.

ಇನ್ನು ಕೆಲಸಕ್ಕೆ ಬರೋಣ. ಕಾರು ಮಟ್ಟಸವಾದ ನೆಲದ ಮೇಲಿರಬೇಕು, ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟಿರಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಎಂದೂ ತಲೆ ಹಾಕಬೇಡಿ. ಭದ್ರವಾದ ಸ್ಟ್ಯಾಂಡುಗಳು ಬೇಕು. ಎಣ್ಣೆ ಉಗುರುಬೆಚ್ಚಗಿದ್ದರೆ ಚೆನ್ನಾಗಿ ಇಳಿಯುತ್ತದೆ, ಘಟ್ಟ ಹತ್ತಿ ಬಂದ ಕೂಡಲೇ ಬಿಚ್ಚಿದರೆ ಕೈ ಸುಡುತ್ತದೆ. ಹೊಸ ಎಣ್ಣೆ ಹಾಕುವ ಮುಚ್ಚಳ ಸಡಿಲವಾಗುವುದನ್ನು ಮೊದಲು ಖಚಿತಪಡಿಸಿಕೊಂಡು, ಆಮೇಲೆ ಕೆಳಗಿನ ಬೋಲ್ಟ್ ಬಿಚ್ಚಿ. ಈ ಕ್ರಮ ತಪ್ಪಿದರೆ ಎಣ್ಣೆಯೆಲ್ಲ ಬರಿದಾದ ಮೇಲೆ ತುಂಬಲು ದಾರಿಯೇ ಇಲ್ಲದೆ, ಕಾರು ಇದ್ದಲ್ಲೇ ಉಳಿದು, ದಾಂಡೇಲಿಯಿಂದ ಮೆಕ್ಯಾನಿಕ್ ಬರುವುದನ್ನು ಕಾಯಬೇಕಾದೀತು.

ಇಳಿದ ಎಣ್ಣೆಯನ್ನು ಅಳತೆಯ ಗೆರೆಗಳಿರುವ ಪಾತ್ರೆಗೆ ಹಾಕಿ ಅಳೆಯಿರಿ. ಅಷ್ಟನ್ನೇ ಮೊದಲು ತುಂಬಬೇಕು. ಬಣ್ಣವನ್ನೂ ನೋಡಿ. ಎ.ಟಿ.ಎಫ್.ಗೆ ಸಾಮಾನ್ಯವಾಗಿ ಕೆಂಪು ಬಣ್ಣ ಬೆರೆಸಿರುತ್ತಾರೆ, ಸೋರಿದಾಗ ಗುರುತು ಸಿಗಲೆಂದು. ಬಣ್ಣ ಕಂದಿದ್ದ ಮಾತ್ರಕ್ಕೆ ಎಣ್ಣೆ ಕೆಟ್ಟಿತೆನ್ನಲಾಗದು. ಕಪ್ಪಾಗಿ, ಸುಟ್ಟ ವಾಸನೆ ಬಂದರೆ ಅದು ಬೇರೆ ಮಾತು. ಬೋಲ್ಟಿನ ಅಥವಾ ತಟ್ಟೆಯ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆಯ ಲೇಪ ಅಂಟಿದ್ದರೆ ಅದು ಸಹಜ ಸವೆತ. ಹೊಳೆಯುವ ಲೋಹದ ಚೂರುಗಳಿದ್ದರೆ ಎಣ್ಣೆ ಬದಲಾವಣೆಯಿಂದ ಪರಿಹಾರವಾಗದ ತೊಂದರೆ ಒಳಗಿದೆಯೆಂದು ಅರ್ಥ.

ಎಣ್ಣೆ ತಿಳಿಗುಲಾಬಿ ಬಣ್ಣದ ಹಾಲಿನಂತಿದ್ದರೆ ನೀರು ಸೇರಿದೆ. ತಂಪುಕಾರಕ ಒಡೆದು ಹೀಗಾಗಬಹುದು. ಮಳೆಗಾಲದಲ್ಲಿ ಹಳ್ಳ ದಾಟುವ ಜೋಯಿಡಾದ ಕಾರುಗಳಿಗೆ ಇನ್ನೊಂದು ದಾರಿಯೂ ಇದೆ. ಗೇರ್‌ಬಾಕ್ಸಿಗೆ ಗಾಳಿಯಾಡಲು ಒಂದು ಸಣ್ಣ ಉಸಿರುಗೊಳವೆ ಇರುತ್ತದೆ. 90 ಡಿಗ್ರಿ ಕಾದ ಗೇರ್‌ಬಾಕ್ಸ್ ತಣ್ಣೀರಿಗಿಳಿದು ಒಳಗಿನ ಗಾಳಿ 40 ಡಿಗ್ರಿಗೆ ಬಂದರೆ, 363 ಕೆಲ್ವಿನ್‌ನಿಂದ 313ಕ್ಕೆ ಇಳಿದಂತಾಗಿ ಅದರ ಗಾತ್ರ ಸುಮಾರು ಶೇ. 14 ಕುಗ್ಗುತ್ತದೆ. ಆ ಜಾಗಕ್ಕೆ ಹೊರಗಿನ ಗಾಳಿ ಬರಬೇಕು. ಗೊಳವೆಯ ಬಾಯಿ ನೀರಿನಲ್ಲಿದ್ದರೆ ನೀರೇ ಬರುತ್ತದೆ. ಕ್ಲಚ್ ಬಿಲ್ಲೆಗಳ ಕಾಗದದಂಥ ಪದರ ನೀರು ಹೀರಿ, ಅಂಟು ಬಿಟ್ಟು ಕಳಚಿಕೊಳ್ಳುತ್ತದೆ. ಇಂಥ ಕಾರನ್ನು ಓಡಿಸಬಾರದು.

ತುಂಬಿದ ಮೇಲೆ ಎಂಜಿನ್ ಚಾಲೂ ಮಾಡಿ, ಬ್ರೇಕ್ ಒತ್ತಿಕೊಂಡೇ ಗೇರ್ ಹಿಡಿಯನ್ನು ಎಲ್ಲ ಸ್ಥಾನಗಳಲ್ಲೂ ಕೆಲವು ಸೆಕೆಂಡು ನಿಲ್ಲಿಸಿ. ಬಳಿಕ ಮಟ್ಟ ನೋಡಬೇಕು, ಕೈಪಿಡಿ ಹೇಳಿದ ತಾಪದಲ್ಲಿಯೇ. 8 ಲೀಟರ್ ಎಣ್ಣೆ 25ರಿಂದ 85 ಡಿಗ್ರಿಗೆ ಕಾದರೆ ಸುಮಾರು 350 ಮಿಲಿಲೀಟರ್ ಹಿಗ್ಗುತ್ತದೆ. ತಪ್ಪು ತಾಪದಲ್ಲಿ ನೋಡಿದರೆ ತಪ್ಪು ಮಟ್ಟವೇ ಸರಿಯೆನಿಸುತ್ತದೆ. ಕಡಿಮೆಯಾದರೆ ಪಂಪು ಗಾಳಿ ಎಳೆದುಕೊಳ್ಳುತ್ತದೆ. ಹೆಚ್ಚಾದರೆ ಗೇರುಗಳು ಎಣ್ಣೆಯನ್ನು ಕಡೆದು ನೊರೆ ಎಬ್ಬಿಸುತ್ತವೆ. ಎರಡರಲ್ಲೂ ಎಣ್ಣೆಗೆ ಗಾಳಿ ಬೆರೆತು, ಗಾಳಿ ಸಂಪೀಡನಗೊಳ್ಳುವುದರಿಂದ ಒತ್ತಡ ಬಿದ್ದು, ಕ್ಲಚ್ ಜಾರುತ್ತದೆ.

ಕೆಳಗಿನ ಬೋಲ್ಟ್ ಬಿಚ್ಚಿದಾಗ ಎಣ್ಣೆ ಪೂರ್ತಿ ಇಳಿಯುವುದಿಲ್ಲವೆಂಬುದನ್ನೂ ಗಮನಿಸಿ. ಕನ್ವರ್ಟರಿನಲ್ಲೂ ಕೊಳವೆಗಳಲ್ಲೂ ಬಹಳಷ್ಟು ಉಳಿಯುತ್ತದೆ. 8 ಲೀಟರಿನಲ್ಲಿ 3.2 ಲೀಟರ್, ಅಂದರೆ ಶೇ. 40 ಇಳಿಯಿತೆನ್ನಿ. ಹಳೆಯದು ಶೇ. 60 ಉಳಿಯಿತು. ಕಾರನ್ನು ಸ್ವಲ್ಪ ಓಡಿಸಿ ಎರಡನೆಯ ಸಲ ಬದಲಿಸಿದರೆ ಶೇ. 36, ಮೂರನೆಯ ಸಲಕ್ಕೆ ಶೇ. 21.6. ಎಷ್ಟು ಸಲ ಮಾಡಿದರೂ ಸೊನ್ನೆಯಾಗದು. ಶಿಕ್ಷಕರು ಇದನ್ನು ತರಗತಿಯಲ್ಲಿ ಶಾಯಿ ಬೆರೆತ ನೀರಿನ ಜಾಡಿಯಿಂದ ತೋರಿಸಬಹುದು. ವಿಕಿರಣ ವಸ್ತುವಿನ ಅರ್ಧಾಯುಷ್ಯದ ಪಾಠಕ್ಕೂ ಇದೇ ಗಣಿತ. ನನ್ನ ಮಟ್ಟಿಗೆ ಒಂದೇ ದಿನ ಮೂರು ಸಲ ಬದಲಿಸಿ ಎಣ್ಣೆ ವ್ಯರ್ಥ ಮಾಡುವುದಕ್ಕಿಂತ ಗಡುವಿಗೆ ಮುಂಚೆಯೇ ಒಂದೊಂದು ಸಲ ಬದಲಿಸುತ್ತ ಹೋಗುವುದು ಮೇಲು.

ಉಳಿದದ್ದು ಹಳೆಯ ಎಣ್ಣೆ. ಬೇಲಿಯ ಗೂಟಗಳಿಗೆ ಗೆದ್ದಲು ಹತ್ತದಿರಲೆಂದು ಬಳಿಯುವ, ಇಲ್ಲವೇ ಹಿತ್ತಲಲ್ಲಿ ಸುರಿಯುವ ರೂಢಿ ಇದೆ. ಮೊದಲ ಮಳೆಗೆ ಅದು ಹಳ್ಳಕ್ಕೆ ಇಳಿಯುತ್ತದೆ. ಇಲ್ಲಿನ ಹಳ್ಳಗಳು ಸೇರುವುದು ಕಾಳಿ ನದಿಯನ್ನು. 3.2 ಲೀಟರ್ ಎಣ್ಣೆ ಮಿಲಿಮೀಟರಿನ ಸಾವಿರದ ಒಂದಂಶ ದಪ್ಪದ ಪೊರೆಯಾಗಿ ಹರಡಿದರೆ 3200 ಚದರ ಮೀಟರ್, ಅಂದರೆ ಮುಕ್ಕಾಲು ಎಕರೆಗೂ ಹೆಚ್ಚು ನೀರನ್ನು ಮುಚ್ಚುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ವ್ಯಾಪ್ತಿಗೆ ಬಳಸಿದ ಎಣ್ಣೆಯೂ ಬರುತ್ತದೆ. ಹೊಸ ಎಣ್ಣೆ ಬಂದ ಕ್ಯಾನಿಗೇ ಹಳೆಯದನ್ನು ತುಂಬಿ, ಪೆಟ್ರೋಲ್, ಬ್ರೇಕ್ ದ್ರವ ಯಾವುದನ್ನೂ ಬೆರೆಸದೆ, ಮೇಲೆ ಹೆಸರು ಬರೆದಿಡಿ. ಹಳೆಯ ಎಣ್ಣೆ ಸಂಗ್ರಹಿಸಿ ಅಧಿಕೃತ ಸಂಸ್ಕರಣ ಘಟಕಕ್ಕೆ ಕಳಿಸುವ ಗ್ಯಾರೇಜಿಗೆ, ದಾಂಡೇಲಿಗೋ ಕಾರವಾರಕ್ಕೋ ಹೋಗುವಾಗ ಒಯ್ದು ಕೊಡಬಹುದು. ನೆಲಕ್ಕೆ ಚೆಲ್ಲಿದ್ದರೆ ಅದರ ಮೇಲೆ ಮರದ ಹೊಟ್ಟು ಹಾಕಿ. ಈ ಸೀಮೆಯಲ್ಲಿ ಅದಕ್ಕೇನೂ ಬರವಿಲ್ಲ. ಎಣ್ಣೆ ಹೀರಿದ ಹೊಟ್ಟನ್ನು ಗೊಬ್ಬರದ ಗುಂಡಿಗೆ ಹಾಕದೆ, ಚೀಲದಲ್ಲಿ ಕಟ್ಟಿ ಕ್ಯಾನಿನ ಜೊತೆಗೇ ಕಳಿಸಿ.